ಹೆಸರು ಕೇಳದೆ ಕಳಿಸಿದವಳು

ಪೊಲೀಸ್ ಠಾಣೆಯಲ್ಲಿ ಯಾರು ಯಾರನ್ನು ಕಂಡು ಎದ್ದು ನಿಲ್ಲಬೇಕೆಂಬುದಕ್ಕೆ ಬರೆದ ನಿಯಮಗಳೂ ಇವೆ, ಬರೆಯದ ನಿಯಮಗಳೂ ಇವೆ. ಹೆಡ್ ಕಾನ್‌ಸ್ಟೆಬಲ್ ತಿಮ್ಮರಾಯಪ್ಪನವರು ಎರಡನ್ನೂ ಮೀರಿದವರು. ಬಾಗಿಲಲ್ಲಿ ನೆರಳೊಂದು ಬಿದ್ದ ಕೂಡಲೇ, ಅದು ಮೇಲಧಿಕಾರಿಯದೋ ಕಳೆ ಕಿತ್ತ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದ ಕೂಲಿಯವಳದೋ ಎಂದು ನೋಡುವ ಮೊದಲೇ, ಮೇಜಿನ ಅಂಚಿಗೆ ಎರಡೂ ಅಂಗೈ ಊರಿ, ಸವೆದ ಮಂಡಿಗಳು ಲಟಕ್ಕೆನ್ನುವ ಸದ್ದಿನೊಡನೆ ಎದ್ದು ನಿಲ್ಲುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ, ಸಂತೆಯ ದಿನವಾದರೆ ನಲವತ್ತು ಸಲ. ಬಂದವರು ಕುಳಿತ ಮೇಲೆಯೇ ಅವರು ಕೂರುವುದು. ಹೊಳಲ್ಕೆರೆ ತಾಲ್ಲೂಕಿನ ಆ ಹೋಬಳಿ ಠಾಣೆಗೆ ಹೊಸದಾಗಿ ಬಂದ ಯಾವುದೋ ಸಬ್ ಇನ್‌ಸ್ಪೆಕ್ಟರು ಇದನ್ನು ಕಂಡು, "ಏನ್ರೀ, ದೂರು ಕೊಡೋಕೆ ಬಂದೋರಿಗೆ ಸೆಲ್ಯೂಟೂ ಹೊಡೀತೀರಾ?" ಎಂದು ನಕ್ಕಿದ್ದರಂತೆ. ತಿಮ್ಮರಾಯಪ್ಪನವರು ನಗದೆ, ಸಿಟ್ಟಾಗದೆ, ಮುಂದೆ ನಿಂತಿದ್ದ ಮುದುಕನಿಗೆ ಬೆಂಚು ತೋರಿಸಿ, "ಕುಂತ್ಕಳ್ರಿ. ಹೆಸರೇನು?" ಎಂದರಂತೆ.

ಹೆಸರು ಕೇಳುವುದೇ ಅವರ ಮೊದಲ ಕೆಲಸ. ಏನಾಯಿತು, ಯಾವ ಊರು, ಯಾರ ಮೇಲೆ ಎಂಬುದೆಲ್ಲ ಆಮೇಲಿನ ಮಾತು. ಬಿಳಿಹಾಳೆಯ ನೆತ್ತಿಯ ಮೇಲೆ ಬಂದವರ ಹೆಸರನ್ನು ದುಂಡಗೆ ಬರೆದು, ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟುಬಿಡುತ್ತಿದ್ದರು. ಆಡುವವರು ಆಡಿ ಮುಗಿಸುವತನಕ, ಅಳುವವರು ಅತ್ತು ಮುಗಿಸುವತನಕ ಆ ಮುಚ್ಚಳ ತೆರೆಯುತ್ತಿರಲಿಲ್ಲ. ನಡುವೆ ಮಾತು ನಿಂತಾಗ ಅವರ ಬಾಯಿಂದ ಬರುತ್ತಿದ್ದುದು ಒಂದೇ ಪದ: "ಆಮೇಲೆ?" ಅದರಲ್ಲಿ ಅವಸರವೂ ಇರುತ್ತಿರಲಿಲ್ಲ, ಅನುಮಾನವೂ ಇರುತ್ತಿರಲಿಲ್ಲ. ಹೊಲದ ಬದುವಿಗಾಗಿ ಕಲ್ಲು ಹಿಡಿದುಕೊಂಡು ಬಂದ ಅಣ್ಣತಮ್ಮಂದಿರಿಬ್ಬರು ಈ 'ಆಮೇಲೆ?'ಗೆ ಉತ್ತರ ಹೇಳುತ್ತ ಹೇಳುತ್ತ ತಮ್ಮ ತಾಯಿಯ ಕೊನೆಗಾಲದವರೆಗೆ ಹಿಂದೆ ಹೋಗಿ, ಮುಂದೆ ಹೇಳಲು ಏನೂ ಉಳಿಯದೆ, ದೂರನ್ನೇ ಕೊಡದೆ ಒಂದೇ ಬೈಕಿನಲ್ಲಿ ಹೊರಟುಹೋದದ್ದನ್ನು ಆ ಸೀಮೆಯಲ್ಲಿ ಈಗಲೂ ಹೇಳುತ್ತಾರೆ.

ಸಣ್ಣಪ್ಪನೆಂಬ ರೈತನ ಎತ್ತಿನ ಕೊರಳಿನ ಕಂಚಿನ ಗಂಟೆ ಕಳುವಾದಾಗ ಉಳಿದವರೆಲ್ಲ ಮುಸಿಮುಸಿ ನಕ್ಕಿದ್ದರು. ಇವರು ಮಾತ್ರ ಪೂರ್ತಿ ಒಂದು ಪುಟ ಬರೆದರು. ಗಂಟೆಯ ಎಡಗಡೆಯ ಸೀಳು, ಆ ಸೀಳಿನಿಂದಾಗಿ ಮೊದಲ ಬಡಿತಕ್ಕಿಂತ ಎರಡನೆಯ ಬಡಿತ ಮಂದವಾಗುತ್ತಿದ್ದದ್ದು, ಎಲ್ಲವೂ ಅದರಲ್ಲಿತ್ತು. ಮೂರು ತಿಂಗಳ ಮೇಲೆ ದನದ ಸಂತೆಯ ಗದ್ದಲದ ನಡುವೆ, ಬಂದೋಬಸ್ತಿಗೆ ನಿಂತಿದ್ದ ತಿಮ್ಮರಾಯಪ್ಪನವರು ತಲೆಯೆತ್ತಿ, ಕಣ್ಣು ಮುಚ್ಚಿ, ಸದ್ದಿನ ಜಾಡು ಹಿಡಿದು ನಡೆದು ಬೇರೊಬ್ಬರ ಎತ್ತಿನ ಮುಂದೆ ನಿಂತರು.

ಅವರು ಗುಣಸಂಪನ್ನರೆಂದು ಯಾರೂ ತಿಳಿಯಬಾರದು. ಅವರ ನಿಧಾನದಿಂದ ಬೆಂಚಿನ ಮೇಲೆ ಕಾಯುವವರ ಸಾಲು ಬೆಳೆಯುತ್ತಿತ್ತು. ಮನೆಯಲ್ಲಿ ನಾಲ್ಕು ಮಾತು ಕೇಳಿದರೆ ಅರ್ಧ ಮಾತು ಆಡುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂರಿಸಿದರೆ, ಮೂಗುದಾರ ಕಂಡ ಹೋರಿಯಂತೆ ಹಿಂದೆ ಹಿಂದೆ ಸರಿಯುತ್ತಿದ್ದರು. ಅದೆಂದೋ ಬಂದ ಮಲೇರಿಯಾ ಬಿಟ್ಟುಹೋದ ಚಳಿಯೊಂದು ಎಲುಬಿನಲ್ಲೇ ಉಳಿದಿದೆಯೆಂದು ನಂಬಿ, ಬಿಸಿಲು ಕಲ್ಲನ್ನು ಸೀಳುವ ಚೈತ್ರದಲ್ಲೂ ಸಮವಸ್ತ್ರದ ಮೇಲೆ ಖಾಕಿ ಉಣ್ಣೆಯ ಜರ್ಸಿಯನ್ನು ತೊಟ್ಟೇ ಇರುತ್ತಿದ್ದರು. ಮೊಣಕೈ ಹರಿದಲ್ಲಿ ಹೆಂಡತಿ ಯಮುನಾ ಸಿಕ್ಕ ದಾರದಲ್ಲಿ ಹೊಲಿದದ್ದರಿಂದ ಒಂದು ತೇಪೆ ಹಸಿರು ಕಣ್ಣಿನಂತೆಯೂ ಇನ್ನೊಂದು ನೀಲಿ ಕಣ್ಣಿನಂತೆಯೂ ಕಾಣುತ್ತಿತ್ತು. ತಿಮ್ಮರಾಯಪ್ಪನವರು ತುರುವನೂರಿನ ಹತ್ತಿರದವರು. ಸ್ವಾತಂತ್ರ್ಯದ ಹೋರಾಟದಲ್ಲಿ ಲಾಠಿ ತಿಂದ ನೆನಪನ್ನು ಒಡವೆಯಂತೆ ಕಾಪಾಡಿಕೊಂಡ ಆ ಸೀಮೆಯ ಹಿರಿಯರು, ಹುಡುಗ ಪೊಲೀಸಿಗೆ ಸೇರಿದಾಗ, "ನಮ್ಮೋರು ಏಟು ತಿಂದ್ರು, ನೀನು ಏಟು ಹಾಕೋಕೆ ಹೊಂಟೆ ಬಿಡು," ಎಂದಿದ್ದರಂತೆ. ತಿಮ್ಮರಾಯಪ್ಪನವರು ತಮ್ಮ ಸೇವೆಯಲ್ಲಿ ಯಾರಿಗೂ ಏಟು ಹಾಕಲಿಲ್ಲ. ಆದರೆ ಏಟಿಗಿಂತ ಹೆಚ್ಚಾದ ಒಂದನ್ನು, ಬಹಳ ಮೆಲ್ಲನೆಯ ದನಿಯಲ್ಲಿ, ಒಬ್ಬಳಿಗೆ ಮಾಡಿದ್ದರು.

ಅದು ತೊಂಬತ್ತನೆಯ ಇಸವಿಯ ಫಾಲ್ಗುಣ. ಅವರಿಗೆ ಇಪ್ಪತ್ತಾರು ವಯಸ್ಸು, ನೌಕರಿಗೆ ಮೂರು ವರ್ಷ. ಹೊಸದುರ್ಗದ ದಿಕ್ಕಿನ ಒಂದು ಠಾಣೆ. ಹೆಸರು ಇಲ್ಲಿ ಬೇಡ. ನಡುಮಧ್ಯಾಹ್ನ, ಉಳಿದವರು ಬಂದೋಬಸ್ತಿಗೆ ಹೋಗಿ ಇವರೊಬ್ಬರೇ ಮೇಜಿನ ಹಿಂದೆ ಕುಳಿತಿದ್ದಾಗ ಒಬ್ಬ ಹೆಂಗಸು ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಬಾಣಂತಿ, ತಲೆಗೆ ಬಟ್ಟೆ ಕಟ್ಟಿದ್ದಳು. ಚಪ್ಪಲಿಗಳನ್ನು ಹೊರಗೆ ಬಿಡದೆ ಎರಡೂ ಕೈಯಲ್ಲಿ ಹಿಡಿದು, ಗುಡಿಯೊಳಗೆ ಬಂದವಳಂತೆ ನಿಂತಿದ್ದಳು. ತಂಗಿ ಹುಣಸೆಹಣ್ಣು ಬಡಿಯುವ ಕೂಲಿಗೆಂದು ಗುತ್ತಿಗೆದಾರನ ಗುಂಪಿನೊಡನೆ ಹಿರಿಯೂರು ದಾಟಿ ಆಂಧ್ರದ ಗಡಿಯ ಕಡೆಗೆ ಹೋದವಳು, ಗುಂಪು ತಿರುಗಿ ಬಂದು ಎಂಟು ದಿನವಾದರೂ ಬಂದಿಲ್ಲ ಎಂದಳು. ತಿಮ್ಮರಾಯಪ್ಪನವರು ಕುಳಿತಲ್ಲಿಂದಲೇ ಕೇಳಿದರು: "ನಿಮ್ಮೂರು ಹಳ್ಳದ ಈಚೆಗೋ ಆಚೆಗೋ?" ಅವಳು ಆಚೆಗೆ ಎಂದಳು. ಇವರು ಗೋಡೆಯ ಮೇಲಿನ ನಕ್ಷೆಯನ್ನು ಪೆನ್ಸಿಲಿನಿಂದ ತೋರಿಸಿದರು. "ಹಳ್ಳದ ಆಚೆ ನಮ್ಮ ಸರಹದ್ದಲ್ಲಮ್ಮ. ಆ ಠಾಣೆಗೇ ಹೋಗಬೇಕು." ಆ ಠಾಣೆ ಅಲ್ಲಿಂದ ಹನ್ನೊಂದು ಮೈಲಿ. "ಆಗ್ಲಪ್ಪ," ಎಂದು ಅವಳು ಹೊರಟಳು. ಅಂಗಳ ದಾಟಿದ ಮೇಲೆಯೇ ಚಪ್ಪಲಿ ಮೆಟ್ಟಿಕೊಂಡದ್ದು. ಇವರು ಕಿಟಕಿಯಲ್ಲಿ ನೋಡಿದರು. ಅವಳ ಹೆಸರನ್ನಾಗಲಿ, ಊರಿನ ಹೆಸರನ್ನಾಗಲಿ, ತಂಗಿಯ ಹೆಸರನ್ನಾಗಲಿ ಕೇಳಿರಲಿಲ್ಲ ಎಂಬುದು ಹೊಳೆದದ್ದು ಆ ಬೆನ್ನು ಬೇಲಿಯ ತಿರುವಿನಲ್ಲಿ ಮರೆಯಾದ ಮೇಲೆ.

ಎದ್ದು ಓಡಿ ಕೂಗಬಹುದಾಗಿತ್ತು. ಠಾಣೆ ಬಿಟ್ಟು ಕದಲಬಾರದೆಂಬ ನಿಯಮ ನೆನಪಾಯಿತು. ಕುಳಿತರು.

ಎರಡು ವರ್ಷದ ಮೇಲೆ ಅವರಿಗೆ ಹಳ್ಳದಾಚೆಯ ಆ ಇನ್ನೊಂದು ಠಾಣೆಗೇ ವರ್ಗವಾಯಿತು. ಹೋದ ಮೊದಲ ದಿನವೇ ಹಳೆಯ ದಾಖಲೆಗಳನ್ನು ತೆಗೆಸಿ, ಆ ಫಾಲ್ಗುಣದ ಪುಟಗಳನ್ನೆಲ್ಲ ಬೆರಳಿಟ್ಟು ನೋಡಿದರು. ಕುರಿ ಕಳುವು, ಜಗಳ, ಬಣವೆಗೆ ಬೆಂಕಿ. ಹುಣಸೆಹಣ್ಣು ಬಡಿಯಲು ಹೋದ ಹುಡುಗಿ ಇರಲಿಲ್ಲ. ಅಲ್ಲಿಂದ ಶುರುವಾಯಿತು ಅವರ ಹುಡುಕಾಟ. ಗಸ್ತಿಗೆ ಹೋದ ಹಳ್ಳಿಯಲ್ಲೆಲ್ಲ, ಕೆಲಸ ಮುಗಿದ ಮೇಲೆ, ಕಟ್ಟೆಯ ಮೇಲೆ ಕುಳಿತವರನ್ನು ಕೇಳುತ್ತಿದ್ದರು: "ತೊಂಬತ್ತನೇ ಇಸವೀಲಿ ಹುಣಸೆ ಬಡಿಯೋಕೆ ಹೋದ ಹುಡುಗಿ ಬರಲಿಲ್ಲ ಅಂತ ಯಾರಾದ್ರೂ ಇದಾರಾ?" ಖಾಕಿ ತೊಟ್ಟವನು ಕೇಳಿದರೆ ಹಳ್ಳಿ ಉತ್ತರಿಸುವುದು ಒಂದೇ ರೀತಿ: "ನಮ್ಮೂರಲ್ಲಿ ಅಂಥದ್ದೇನಿಲ್ಲ ಸ್ವಾಮಿ." ವರ್ಷಗಳು ಹೋದವು. ಠಾಣೆಗಳು ಬದಲಾದವು. ಹತ್ತು ವರ್ಷದ ಹಿಂದೆ, ಸರಹದ್ದು ಯಾವುದೇ ಇರಲಿ, ಬಂದವರ ದೂರನ್ನು ಬಂದಲ್ಲೇ ದಾಖಲಿಸಿಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕೆಂಬ ಸುತ್ತೋಲೆ ಬಂದಾಗ, ಎಲ್ಲರೂ ಅದನ್ನು ಓದಿ ಫೈಲಿಗೆ ಸೇರಿಸಿದರೆ, ತಿಮ್ಮರಾಯಪ್ಪನವರು ಮೂರು ಸಲ ಓದಿ, ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದರು.

ಅವಳ ಮುಖ ಅವರಿಗೆ ಅಷ್ಟಾಗಿ ನೆನಪಿರಲಿಲ್ಲ. ಬೆನ್ನು ನೆನಪಿತ್ತು. ಬಸ್ಸಿನ ಕಿಟಕಿಯಿಂದ, ತಲೆಗೆ ಬಟ್ಟೆ ಕಟ್ಟಿ ನಡೆದುಹೋಗುವ ಯಾವ ಹೆಂಗಸಿನ ಬೆನ್ನು ಕಂಡರೂ ಕತ್ತು ತಿರುಗಿಸಿ ಮುಖ ಕಾಣುವತನಕ ನೋಡುತ್ತಿದ್ದರು. "ಮದ್ವೆಗೆ ಮುಂಚೆ ಮನಸು ಕೊಟ್ಟೋಳನ್ನ ಹುಡುಕ್ದಂಗೆ ಹುಡುಕ್ತಾರೆ ನಮ್ಮನೇರು," ಎಂದು ಯಮುನಾ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು. ಅದು ಬರೀ ತಮಾಷೆಯ ನಗು, ಅವಳಿಗೆ ಎಲ್ಲ ಗೊತ್ತಿತ್ತು.

ನಿವೃತ್ತಿಗೆ ಎರಡು ತಿಂಗಳಿದ್ದಾಗ ತಾಳ್ಯದ ಹತ್ತಿರದ ಒಂದು ಹಳ್ಳಿಯಲ್ಲಿ, ಪೊಲೀಸರೇ ಊರಿಗೆ ಬಂದು ದೂರು ಕೇಳುವ ಸಭೆ ಸೇರಿತ್ತು. ಕುಡುಕರ ಕಾಟ, ಬೀದಿದೀಪ, ಮೊಬೈಲಿನಲ್ಲಿ ಬರುವ ಮೋಸದ ಕರೆ ಎಲ್ಲ ಮುಗಿದು ಜನ ಏಳುವಾಗ ತಿಮ್ಮರಾಯಪ್ಪನವರು ತಮ್ಮ ಹಳೆಯ ಪ್ರಶ್ನೆ ಕೇಳಿದರು. ಎಲ್ಲರೂ ಅಡ್ಡಡ್ಡ ತಲೆಯಾಡಿಸಿ ಮನೆಯ ಕಡೆ ನಡೆದರು. ಜೀಪು ಹತ್ತುವಷ್ಟರಲ್ಲಿ ಅಂಗನವಾಡಿಯ ಕೊಟ್ರಮ್ಮ ಬೀಗದ ಗೊಂಚಲು ಹಿಡಿದು ಹಿಂದಿನಿಂದ ಬಂದರು.

"ಸರ್, ಹೂವು ಕಟ್ಟೋ ಮುದ್ದಕ್ಕ ಅಂತ ಅದಾರೆ. ಅವರ ತವರುಮನೆ ಹಳ್ಳದ ಆಚೆ. ಜ್ವರ ಬಂದಾಗ ಒಂದ್ಸಲ ನನ್ ಹತ್ರ ತಂಗಿ ವಿಷಯ ಆಡಿದ್ರು. ನಾನ್ ಹೇಳಿದೆ ಅನ್ಬ್ಯಾಡ್ರಿ."

ಮುದ್ದಕ್ಕ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಸೇವಂತಿಗೆಯ ರಾಶಿಯ ನಡುವೆ ಕುಳಿತು ಮಾರುಗಟ್ಟಲೆ ಹೂವು ಕಟ್ಟುತ್ತಿದ್ದಳು. ಐವತ್ತೆಂಟರ ಹೆಂಗಸು, ನೆತ್ತಿ ಪೂರ್ತಿ ಬೆಳ್ಳಗಾಗಿತ್ತು. ಪೊಲೀಸರನ್ನು ಕಂಡು ಬೆದರಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, "ಬರ್ರಿ, ನೆಳ್ಳಿಗೆ ಬರ್ರಿ," ಎಂದಳು. ತಿಮ್ಮರಾಯಪ್ಪನವರು ಕೂರಲಿಲ್ಲ. ಮೂವತ್ತನಾಲ್ಕು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದುದನ್ನು ನಿಂತೇ ಆಡಿದರು.

"ನೀನು ಒಂದು ಮಧ್ಯಾಹ್ನ ಠಾಣೆಗೆ ಬಂದಿದ್ದೆ. ಚಪ್ಪಲಿ ಕೈಯಲ್ಲಿ ಹಿಡಕೊಂಡಿದ್ದೆ. ನಾನು ನಿನ್ನ ಹೆಸರು ಕೇಳಲಿಲ್ಲ," ಎಂದರು.

ಮುದ್ದಕ್ಕ ಕತ್ತೆತ್ತಿ ಅವರ ಮುಖ ನೋಡಿದಳು. "ಒಬ್ಬ ಮೀಸೆ ಹುಡುಗ ಇದ್ದ. ಪೆನ್ಸಿಲ್ ಹಿಡಿದು ಗೋಡೆ ತೋರಿಸ್ದ. ನೀನೇನಪ್ಪ ಅವನು?"

"ನಾನೇ."

"ವಯಸ್ಸಾತು ನೋಡು ನಿನಗೂ," ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವರಿಗೆ ನಿಲ್ಲಲು ಸುಲಭವಾಗುತ್ತಿತ್ತು.

ಅವಳು ಅಂದಿನ ದಿನವನ್ನು ಹೇಳಿದಳು. ಬಾಣಂತನಕ್ಕೆ ತವರಿಗೆ ಬಂದವಳು, ಮೂರು ತಿಂಗಳ ಕೂಸನ್ನು ತಾಯಿಯ ಕೈಗಿತ್ತು, ಅಪ್ಪನಿಗೆ ತಿಳಿಯದಂತೆ ಮನೆ ಬಿಟ್ಟಿದ್ದಳು. ಹಳ್ಳ ದಾಟಿ ಆ ಇನ್ನೊಂದು ಠಾಣೆಯ ಹಾದಿ ಹಿಡಿದು ಏಳು ಮೈಲಿ ನಡೆದಳು. "ಎದೆ ಬಿಗಿದು ಸೆರಗೆಲ್ಲ ಹಾಲಾತು ಕಣಪ್ಪ. ಅಲ್ಲಿ ಕೂಸು ಅಳ್ತಿರ್ತೈತೆ ಅಂತ ಎದೆಗೆ ಗೊತ್ತಾಗ್ತಿತ್ತು. ಒಂದು ಹೊಂಗೆ ಮರದ ಕೆಳಗೆ ನಿಂತೆ. ಮುಂದಕ್ಕೆ ಹೋದ್ರೆ ತಂಗಿ, ಹಿಂದಕ್ಕೆ ಹೋದ್ರೆ ಮಗಳು. ಹಿಂದಕ್ಕೆ ಹೋದೆ." ಮನೆಯಲ್ಲಿ ಅಪ್ಪ, ಹುಡುಗಿ ಯಾರ ಹಿಂದೆಯೋ ಓಡಿಹೋಗಿದ್ದಾಳೆ, ಅವಳ ಹೆಸರು ಈ ಮನೆಯಲ್ಲಿ ಇನ್ನು ಬರಕೂಡದು ಎಂದ. ಬರಲಿಲ್ಲ. ಊರೂ ಆ ಮಾತಿಗೆ ಕಾವಲು ನಿಂತಿತು. "ಈಗ ಅಪ್ಪ ಇಲ್ಲ, ಅವ್ವ ಇಲ್ಲ, ನನ್ ಗಂಡನೂ ಇಲ್ಲ. ಹೆಸರು ಎತ್ಬ್ಯಾಡ ಅನ್ನೋರು ಯಾರೂ ಉಳಿದಿಲ್ಲ. ಆದ್ರೆ ಎತ್ತಿದ್ರೆ, ಯಾರು ಅಂತ ಕೇಳೋರೂ ಉಳಿದಿಲ್ವಲ್ಲ."

"ಏನು ಹೆಸರು?" ಎಂದು ಕೇಳಿದರು ತಿಮ್ಮರಾಯಪ್ಪನವರು.

ಮುದ್ದಕ್ಕನ ಬೆರಳುಗಳು ಹೂವಿನ ಮೇಲೆ ನಿಂತವು. "ಬೋರಕ್ಕ."

ಅವರು ದೂರು ಬರೆಯೋಣ ಎಂದರು. ಈಗ ಬರೆದರೆ ಸಿಗುತ್ತಾಳೆಯೇ ಎಂದು ಅವಳು ಕೇಳಿದಳು. ಗೊತ್ತಿಲ್ಲವೆಂದರು. "ಬರೀದೆ ಇದ್ರೆ ಅವಳು ಎಲ್ಲೂ ಕಾಣೆಯಾಗೇ ಇಲ್ಲಮ್ಮ. ಸರ್ಕಾರದ ಪಾಲಿಗೆ ಹುಟ್ಟೇ ಇಲ್ಲ." ಮುದ್ದಕ್ಕ ಕಟ್ಟಿದ ಹೂವಿಗೆ ಒದ್ದೆ ಬಟ್ಟೆ ಮುಚ್ಚಿ ಎದ್ದಳು. "ನಡಿ, ಹೋಗಾಣ."

ಠಾಣೆಯಲ್ಲಿ ಕಂಪ್ಯೂಟರಿನ ಮುಂದೆ ಚೈತ್ರಾ ಎಂಬ ಎಳೆಯ ಕಾನ್‌ಸ್ಟೆಬಲ್ ಕುಳಿತಿದ್ದಳು. ಕಾಣೆಯಾದವರ ಚಹರೆ ಬರೆಯುವುದಕ್ಕೆ ಇಲಾಖೆಯಲ್ಲಿ ಸಿದ್ಧ ಪದಗಳುಂಟು: ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಆ ಪದಗಳಲ್ಲಿ ಯಾರನ್ನು ಹುಡುಕಿದರೂ ಅರ್ಧ ಜಿಲ್ಲೆ ಸಿಗುತ್ತದೆ. ತಿಮ್ಮರಾಯಪ್ಪನವರು ಪೆನ್ನಿನ ಮುಚ್ಚಳ ಹಾಕಿ ಕೇಳುತ್ತ ಕುಳಿತರು. ಎಡ ಹುಬ್ಬಿನಲ್ಲಿ ಕುಡುಗೋಲಿನ ಕಲೆ. ಬಲಗೈ ಮೇಲೆ ಹಚ್ಚೆ, ಅದರಲ್ಲಿ ಎರಡು ಚುಕ್ಕೆ ಹಾಕಿಸಿಕೊಳ್ಳದೆ ನೋವಿಗೆ ಎದ್ದು ಓಡಿದ್ದಳು, ಹಾಗಾಗಿ ಹಚ್ಚೆ ಅರ್ಧ. ನಗುವಾಗ ಬಾಯಿಗೆ ಅಂಗೈ ಅಲ್ಲ, ಮುಂಗೈ ಅಡ್ಡ ಹಿಡಿಯುತ್ತಿದ್ದಳು. "ಆಮೇಲೆ?" ಎಂದರು. ಮುದ್ದಕ್ಕ ಆಮೇಲಿನದನ್ನೂ ಹೇಳಿದಳು. ಅರ್ಧ ಗಂಟೆಯಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗಿ ಆ ಕೋಣೆಯಲ್ಲಿ ಓಡಾಡತೊಡಗಿದಳು.

"ವಯಸ್ಸು ಎಷ್ಟು ಹಾಕ್ಲಿ ಸರ್?" ಎಂದು ಚೈತ್ರಾ ಕೇಳಿದಳು. ಸರಿಯಾದ ಪ್ರಶ್ನೆ. ಕಾಣೆಯಾದಾಗ ಹದಿನೇಳು, ಈಗ ಇದ್ದರೆ ಐವತ್ತೊಂದು ಎಂದು ತಿಮ್ಮರಾಯಪ್ಪನವರು ಬರೆದು, ತಮ್ಮ ಪದ್ಧತಿಯಂತೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು. ಮುದ್ದಕ್ಕ ಕೈಯೆತ್ತಿ ತಡೆದಳು.

"ಇದ್ರೆ ಅಂತ ಯಾಕೆ? ಅದನ್ನ ತೆಗೀರಿ."

ಅವರು ಆ ಒಂದು ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಸಣ್ಣ ರುಜು ಹಾಕಿದರು.

ತೊಡಕು ಬಂದದ್ದು ಕೊನೆಯಲ್ಲಿ. ದೂರು ದಾಖಲಿಸುವ ನಮೂನೆಯಲ್ಲಿ, ದೂರು ಕೊಡಲು ತಡವಾದದ್ದೇಕೆ ಎಂಬ ಒಂದು ಅಂಕಣವಿದೆ. ಸಬ್ ಇನ್‌ಸ್ಪೆಕ್ಟರ್ ವಿನೋದ್ ಮೂವತ್ತು ದಾಟದ ಯುವಕ, ಒಳ್ಳೆಯವನು. ರುಜು ಹಾಕಲು ಹಾಳೆ ತೆಗೆದುಕೊಂಡವನು ಆ ಅಂಕಣದ ಮೇಲೆ ನಿಂತ. ಅಲ್ಲಿ ಹೀಗಿತ್ತು: ದೂರುದಾರಳು ೧೯೯೦ರ ಫಾಲ್ಗುಣದಲ್ಲೇ ಖುದ್ದಾಗಿ ಠಾಣೆಗೆ ಬಂದು ವಿಷಯ ತಿಳಿಸಿರುತ್ತಾಳೆ. ಅಂದು ಕರ್ತವ್ಯದಲ್ಲಿದ್ದ ಕಾನ್‌ಸ್ಟೆಬಲ್, ಸರಹದ್ದಿನ ನೆಪ ಹೇಳಿ, ಹೆಸರನ್ನೂ ಕೇಳದೆ ಅವಳನ್ನು ವಾಪಸು ಕಳಿಸಿರುತ್ತಾನೆ. ಆ ಕಾನ್‌ಸ್ಟೆಬಲ್ ಈ ದೂರನ್ನು ಬರೆದುಕೊಂಡ ನಾನೇ.

"ಇದನ್ನ ಬರೀಬೇಡಿ," ಎಂದ ವಿನೋದ್, ಬಾಗಿಲು ಮುಂದಕ್ಕೆ ತಳ್ಳಿ. "ಎರಡು ತಿಂಗಳೈತೆ ನಿಮಗೆ. ವಿಚಾರಣೆ ಹಾಕ್ತಾರೆ. ಬಡತನ, ತಿಳಿವಳಿಕೆ ಇಲ್ಲದ ಕಾರಣ ತಡ ಅಂತ ಹಾಕಣ, ಎಲ್ಲರಿಗೂ ಹಾಕಂಗೆ."

"ಆಕೆಗೆ ತಿಳಿವಳಿಕೆ ಇತ್ತು ಸರ್," ಎಂದರು ತಿಮ್ಮರಾಯಪ್ಪನವರು. "ಬಂದಿದ್ದಳು."

ವಿನೋದ್ ಎದ್ದು ಹಿತ್ತಲಿಗೆ ಹೋದ. ಅವನು ಯಾರಿಗಾದರೂ ಫೋನು ಮಾಡಿದನೋ, ಸುಮ್ಮನೆ ನಿಂತಿದ್ದನೋ ತಿಳಿಯದು. ಒಳಗೆ ಬಂದು, ಕುಳಿತು, ಆ ಸಾಲುಗಳನ್ನು ಇನ್ನೊಮ್ಮೆ ಓದಿ, ರುಜು ಹಾಕಿದ. ದೂರಿನ ಒಂದು ಪ್ರತಿಯನ್ನು ತಾನೇ ಎದ್ದು ಹೋಗಿ ಮುದ್ದಕ್ಕನ ಕೈಗೆ ಕೊಟ್ಟ.

ಫೈಲು ಹಳ್ಳದಾಚೆಯ ಸರಹದ್ದಿನ ಠಾಣೆಗೆ ಹೋಯಿತು. ಅಲ್ಲಿಯವರು ನಿಜವಾಗಿಯೇ ಹುಡುಕಿದರು. ಗುತ್ತಿಗೆದಾರ ಸತ್ತು ಹದಿನೈದು ವರ್ಷವಾಗಿತ್ತು. ಆ ಗುಂಪಿನಲ್ಲಿದ್ದ ಒಬ್ಬ ಮುದುಕಿ ಗಡಿಯ ಊರೊಂದರಲ್ಲಿ ಸಿಕ್ಕಳು: ಬೋರಕ್ಕ ಗುತ್ತಿಗೆದಾರನೊಡನೆ ಜಗಳವಾಡಿ, ಅಕ್ಕನ ಕೂಸನ್ನು ನೋಡಬೇಕೆಂದು ಹೇಳಿ, ಎಲ್ಲರಿಗಿಂತ ಎರಡು ದಿನ ಮುಂಚೆ ಒಬ್ಬಳೇ ಹಿರಿಯೂರಿನ ಬಸ್ಸು ಹತ್ತಿದಳು ಎಂದಳು. ಬಸ್ಸು ಹತ್ತಿದ ಮೇಲಿನದು ಯಾರಿಗೂ ಗೊತ್ತಿಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಭಾವಚಿತ್ರದ ಜಾಗ ಖಾಲಿ, ಅದರ ಕೆಳಗೆ ಅರ್ಧ ಹಚ್ಚೆಯ ವಿವರ. ಇಂದಿನವರೆಗೆ ಉತ್ತರವಿಲ್ಲ. ಪ್ರಕರಣ ಮುಚ್ಚಿಲ್ಲ.

ಅಕ್ಕನ ಕೂಸನ್ನು ನೋಡಲು ಹೊರಟಳೆಂಬ ಮಾತು ಕೇಳಿದ ದಿನ ಮುದ್ದಕ್ಕ ಮೊದಲ ಸಲ ಅತ್ತಳು. "ಓಡಿಹೋಗ್ಲಿಲ್ಲ ನೋಡು. ಮನೆಗೇ ಹೊಂಟಿದ್ಲು," ಎಂದು ಸಿಕ್ಕವರಿಗೆಲ್ಲ ಹೇಳಿದಳು, ತವರಿನ ಊರಿಗೂ ಹೋಗಿ, ಕಟ್ಟೆಯ ಮುಂದೆ ನಿಂತು, ಹೆಸರು ಹಿಡಿದೇ ಹೇಳಿ ಬಂದಳು. ತಿಮ್ಮರಾಯಪ್ಪನವರ ಸೇವಾಪುಸ್ತಕದಲ್ಲಿ, ಬಹುಮಾನಗಳ ನಮೂದುಗಳ ಕೆಳಗೆ, ಕರ್ತವ್ಯಲೋಪಕ್ಕಾಗಿ ವಾಗ್ದಂಡನೆ ಎಂಬ ಒಂದು ಸಾಲು ಸೇರಿತು. ಹಾರ ಹಾಕಿಸಿಕೊಂಡು ನಿವೃತ್ತರಾದ ಮೇಲೆ ತಿಂಗಳಿಗೊಮ್ಮೆ ಬಸ್ಸು ಹಿಡಿದು, ಮುದ್ದಕ್ಕನನ್ನೂ ಕರೆದುಕೊಂಡು, ಹಳ್ಳದಾಚೆಯ ಆ ಠಾಣೆಯ ಬೆಂಚಿನ ಮೇಲೆ ಕುಳಿತು ಏನಾದರೂ ತಿಳಿಯಿತೇ ಎಂದು ಕೇಳಿ ಬರುತ್ತಾರೆ. ತಿರುಗಿ ಬರುವಾಗ ನಿಲ್ದಾಣದಲ್ಲಿ ತಮ್ಮ ಬಸ್ಸಿಗೆ ಕಾಯುತ್ತಾರೆ. ಹಿರಿಯೂರಿನ ಬಸ್ಸು ಬಂದು ನಿಂತರೆ, ಅದು ತಮ್ಮ ಬಸ್ಸಲ್ಲವೆಂದು ಗೊತ್ತಿದ್ದೂ, ಇಳಿಯುವವರನ್ನು ಇಬ್ಬರೂ ಕೊನೆಯವರೆಗೆ ನೋಡುತ್ತಾರೆ.

ಇಂಥವರು ಒಬ್ಬೊಬ್ಬರು ಎಲ್ಲ ಕಚೇರಿಗಳಲ್ಲೂ, ಆಸ್ಪತ್ರೆಗಳಲ್ಲೂ, ಶಾಲೆಗಳಲ್ಲೂ ಇರುತ್ತಾರೆ. ಮಾಡಿದ ಸಾವಿರ ಕೆಲಸಗಳನ್ನು ಮರೆತು, ಮಾಡದೆ ಬಿಟ್ಟ ಒಂದರೊಡನೆ ಬಾಳುವವರು. ಅವರದನ್ನು ಪಶ್ಚಾತ್ತಾಪವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಪಶ್ಚಾತ್ತಾಪ ತನ್ನ ಗಾಯವನ್ನು ತಾನೇ ನೋಡಿಕೊಳ್ಳುತ್ತ ಕೂರುತ್ತದೆ. ಇವರದು ಹಂಬಲ, ಅದು ಇನ್ನೊಬ್ಬರ ದಾರಿಯನ್ನು ನೋಡುತ್ತದೆ. ಅಧಿಕಾರವಿದ್ದಲ್ಲಿ ತಪ್ಪು ನಡೆಯುವುದು ಹೊಸದಲ್ಲ, ಅದು ಮರೆತುಹೋಗುವುದೂ ಹೊಸದಲ್ಲ. ಕಾನೂನು ಬಾಗಿಲನ್ನು ತೆರೆದಿಡಬಲ್ಲದು. ತಿರುಗಿಹೋದವರು ಮತ್ತೆ ಬಂದಾರೇನೋ ಎಂದು ಹೊಸ್ತಿಲಲ್ಲಿ ಕಾಯುವುದು ಮಾತ್ರ ಮನುಷ್ಯನೊಬ್ಬನೇ ಮಾಡಬಲ್ಲ ಕೆಲಸ. ಹಾಗೆ ಕಾಯುವವರಿಗೆ, ಕಾದದ್ದು ದೊರೆಯುವುದು ಅಪರೂಪ. ದೊರೆಯದಿದ್ದರೂ ಅವರು ದಾರಿಯಿಂದ ಕಣ್ಣು ಕೀಳುವುದಿಲ್ಲ.